ನೀರು ಬಿಟ್ಟ ಲೆಕ್ಕ

ವಿದ್ಯಾನಗರದ ಒಂದು ಅಡ್ಡರಸ್ತೆ, ಮಾಳಿಗೆಯ ಮೇಲಿನ ಬಾಡಿಗೆ ಖೋಲಿ.
ನಾಲ್ವರು ನಾವು, ಒಂದು ಫ್ಯಾನು, ಎರಡು ಲ್ಯಾಪ್‌ಟಾಪು,
ನಡುನೆಲದಲ್ಲಿ ಫೋಮ್‌ಬೋರ್ಡಿನ ಇಪ್ಪತ್ತೊಂದು ಮಹಡಿ.

ತಾನು ಉಣ್ಣುವ ಕರೆಂಟು ತಾನೇ ಬೆಳೆಯಬೇಕು,
ವರ್ಷದ ಕೊನೆಗೆ ಮೀಟರು
ಸೊನ್ನೆಗೆ ಬಂದು ನಿಲ್ಲಬೇಕು:
ಸ್ಪರ್ಧೆಯ ಷರತ್ತು ಇಷ್ಟೇ.

‘ತಲಿ ಸಣ್ಣದು, ಹೊಟ್ಟಿ ದೊಡ್ಡದು ಇದಕ್ಕ’
ಅಂದಿದ್ದಳು ಜುಲೇಖಾ ಮೊದಲ ದಿನವೇ.
ತಾರಸಿಯ ತುಂಬ ಸೋಲಾರ್ ಹಲಗೆ ಹಾಸಿದರೂ
ಐದನೆಯ ಮಹಡಿ ದಾಟುವುದರೊಳಗೆ ಬಿಸಿಲು ತೀರಿತು.
ತೆಂಕಣ ಗೋಡೆಗೆ ಹಚ್ಚಿದೆವು, ಪಡುವಣ ಗೋಡೆಗೆ ಹಚ್ಚಿದೆವು,
ಸ್ಕೂಟರು ನಿಲ್ಲಿಸುವ ತಗಡಿಗೂ ಹಚ್ಚಿದೆವು.

ರೋಹಿಣಿ ಕಾಟವೆ ಬೆಟಗೇರಿಯಿಂದ
ಅಜ್ಜನ ಮಗ್ಗದ ಹಣಿಗೆಯನ್ನೇ ಚೀಲದಲ್ಲಿ ತಂದು
ಕಿಟಕಿಯ ಬಿಸಿಲಿಗೆ ಅಡ್ಡ ಹಿಡಿದಳು:
‘ಇಷ್ಟ ಸಂದು ಸಾಕು, ಬೆಳಕ ಬರ್ಲಿ, ಝಳ ಬ್ಯಾಡ.’
ಅವತ್ತೇ ಏಸಿಯ ಲೆಕ್ಕ ಅರ್ಧಕ್ಕೆ ಇಳಿಯಿತು.

ಫಕೀರೇಶ ಕಪ್ಪತ್ತಗುಡ್ಡದ ಗಾಳಿಕಂಬ ನೋಡುತ್ತ ಬೆಳೆದವ,
ತುದಿಗೊಂದು ಗಿರಕಿ ಬೇಕೇ ಬೇಕು ಎಂದ. ಕೂಡಿಸಿದ.
ಲೆಕ್ಕ ಹಾಕಿದರೆ
ಅದರ ಕೆಳಗಿನ ಮನೆಯ ಮಿಕ್ಸರಿಗೆ ಸಾಕಾಗುತ್ತಿತ್ತು.
ಇರಲಿ ಎಂದ. ಇರಲಿ ಎಂದೆವು.

ನನ್ನದು ಕೂಡಿಸುವ ಕಳೆಯುವ ಕೆಲಸ.
ಒಂದು ರಾತ್ರಿ ಎರಡು ಗಂಟೆಗೆ
ಸೊನ್ನೆಯ ಆಚೆ ಹನ್ನೆರಡು ಯೂನಿಟ್ ಉಳಿಕೆ!
ಸಂಜೆಯ ಮಿರ್ಚಿ ತಣ್ಣಗಾಗಿತ್ತು, ತಿಂದೆವು,
ಬಾಗಿಲು ತೆರೆದು ಕೇಕೆ ಹಾಕಿದೆವು.

ಅಂದು ಎಂಟನೆಯ ದಿನ, ಓಣಿಗೆ ನೀರು ಬಿಡುವ ಸರದಿ.
ಭುಜದ ಮೇಲೆ ಕಬ್ಬಿಣದ ಉದ್ದ ಕೀಲಿ ಹೊತ್ತ
ವಾಲ್‌ಮನ್ ದ್ಯಾಮಣ್ಣ ಗದ್ದಲ ಕೇಳಿ ಮೆಟ್ಟಿಲೇರಿ ಬಂದ.
ಸುತ್ತ ಒಂದು ಸಲ ನಡೆದು ನೋಡಿದ.
‘ಚಂದ ಐತಿ. ಮ್ಯಾಲಿನವರಿಗೆ ನೀರ ಹೆಂಗ ಹೋಗ್ತೈತಿ?
ನಮ್ಮ ನೀರು ಎರಡನೇ ಮಾಳಿಗಿಗೇ ತೇಕು ಹತ್ತತೈತ್ರೆಪಾ.’

ಸಾಲು ಸಾಲು ಹುಡುಕಿದೆ.
ಲಿಫ್ಟಿನ ಕನ್ನಡಿಯ ಮೇಲಿನ ದೀಪಕ್ಕೂ ಒಂದು ಸಾಲಿತ್ತು.
ಪಂಪಿಗೆ ಇರಲಿಲ್ಲ.
ಇದೇ ಊರಲ್ಲಿ ಹುಟ್ಟಿ, ನಡುರಾತ್ರಿ ಎದ್ದು
ಕೊಡ ತುಂಬಿಯೇ ಬೆಳೆದವನು ನಾನು.

ವರ್ಷಕ್ಕೆ ಐದು ಸಾವಿರದ ಎಂಟುನೂರು ಯೂನಿಟ್.
‘ತಲೆಗೆ ನೂರಾ ಮೂವತ್ತೈದು ಲೀಟರ್ ಇದ್ದದ್ದನ್ನ ತೊಂಬತ್ತು ಮಾಡೂಣು,
ಯಾರ ನೋಡ್ತಾರ?’ ಅಂದೆ, ನಾನೇ.
‘ಯಾರ ಜಳಕ ಕಡಿತಿ?’ ಅಂದಳು ರೋಹಿಣಿ,
ಆಮೇಲೆ ಎರಡು ದಿನ ಖೋಲಿಗೆ ಬರಲಿಲ್ಲ.

ಮೂರನೆಯ ದಿನ ಫಕೀರೇಶನೇ ಬ್ಲೇಡು ತೆಗೆದ.
ಮೂರು ವಾರ ಅಂಟಿಸಿದ್ದ ಕೈ.
ಹದಿನೇಳರ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು
ಕುಯ್ಯತೊಡಗಿದ, ಹಲ್ಲು ಜುಮ್ಮೆನ್ನುವ ಸದ್ದು.
ಕಟ್ಟಡವನ್ನು ನಾವು ಮೂವರೂ
ಚೌರಕ್ಕೆ ಕೂತ ಹುಡುಗನ ತಲೆಯಂತೆ ಹಿಡಿದುಕೊಂಡಿದ್ದೆವು.
ನಾಲ್ಕು ಮಹಡಿ ಕಳಚಿ ಬಂದವು.
ಗಿರಕಿಯನ್ನು ಮತ್ತೆ ಕೂಡಿಸಿದ, ಸೊಟ್ಟಗೆ.

ಅಷ್ಟಾಗಿಯೂ ನಲವತ್ತು ಯೂನಿಟ್ ಕೊರತೆ.
ಹಾಗೇ ಬರೆದೆವು, ಕೆಂಪಿನಲ್ಲಿ.

‘ಉಳಿದವರೆಲ್ಲ ಮೂವತ್ತು ದಾಟಿದ್ದಾರೆ,
ನೀವ್ಯಾಕೆ ಹದಿನೇಳಕ್ಕೆ ನಿಂತಿರಿ?’
ಜುಲೇಖಾಳ ಕೈಯಲ್ಲಿ ಆರು ನಕ್ಷೆಗಳಿದ್ದವು.
ಒಂದನ್ನೂ ಬಿಚ್ಚಲಿಲ್ಲ.
‘ಅಲ್ಲಿಂದ ಮ್ಯಾಲೆ ನೀರಿಗೆ ತೇಕು ಹತ್ತತೈತ್ರಿ ಸರ್.’
ಒಬ್ಬರು ನಕ್ಕರು. ಇನ್ನೊಬ್ಬರು ಏನೋ ಬರೆದುಕೊಂಡರು.
ಏನೆಂದು ಇನ್ನೂ ತಿಳಿದಿಲ್ಲ.

ಕುಯ್ದ ನಾಲ್ಕು ಮಹಡಿ ಗೇಟಿನ ಕಟ್ಟೆಯ ಮೇಲಿವೆ.
ನಿನ್ನೆ ರಾತ್ರಿ ದ್ಯಾಮಣ್ಣ ತನ್ನ ಬ್ಯಾಟರಿಯನ್ನು
ಅದರ ಮೇಲೆ ಉರಿಯುತ್ತ ಇಟ್ಟು, ಬಗ್ಗಿ, ಕೀಲಿ ತಿರುವಿದ.
ಎಲ್ಲ ಕಿಟಕಿಗಳ ನೆರಳು ರಸ್ತೆಗೆ ಬಿತ್ತು.
ನಳದಲ್ಲಿ ಮೊದಲು ಗಾಳಿ,
ಆಮೇಲೆ ಕೆಮ್ಮು,
ಆಮೇಲೆ ನೀರು.